ಗದ್ದದ ಮೇಲಿನ ಕೈ

ಪ್ರೀತಿಯ ಪುಟ್ಟಿ,

ಕಾಗದದ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಬರೆದೆಯಲ್ಲ, 'ದೊಡ್ಡಮ್ಮ, ಗದ್ದದ ಮೇಲೆ ಕೂದಲು ಬರ್ತಿದೆ, ನಾನು ಗಂಡಸಿನ ಹಾಗೆ ಆಗ್ತಿದೀನಾ?' ಅಂತ. ಅದನ್ನು ಓದಿದ ಮೇಲೆ ರಾತ್ರಿ ನಿದ್ದೆ ಹತ್ತಲಿಲ್ಲ. ಇಲ್ಲ ಕಣೇ. ಖಂಡಿತ ಇಲ್ಲ.

ನನಗೂ 19ಕ್ಕೇ ಗದ್ದದ ಮೇಲೆ ಬಂತು. ಮನೆಯವರು ಏಳುವ ಮೊದಲೇ ಹಿತ್ತಲ ಬಾಗಿಲಲ್ಲಿ ಕೈಗನ್ನಡಿ ಹಿಡಿದು ಚಿಮಟದಲ್ಲಿ ಒಂದೊಂದೇ ಕೀಳುತ್ತಿದ್ದೆ. ಕಿತ್ತಲ್ಲಿ ಕೆಂಪಗೆ ಊದಿ ಆಮೇಲೆ ಕಪ್ಪು ಕಲೆ ಉಳಿಯುತ್ತಿತ್ತು. ನಿನ್ನ ಅಮ್ಮನ ಮದುವೆ ಆಲ್ಬಂ ತೆಗೆದು ನೋಡು, ಎಲ್ಲ ಫೋಟೋದಲ್ಲೂ ನನ್ನ ಕೈ ಗದ್ದದ ಮೇಲೇ ಇದೆ. ಅಜ್ಜಿ ಕಡಲೆಹಿಟ್ಟು, ಅರಿಶಿನ ಹಚ್ಚಿ ಉಜ್ಜಿದರು. ಒಬ್ಬ ಡಾಕ್ಟರು ಮದುವೆಯಾದರೆ ಸರಿಹೋಗುತ್ತೆ ಅಂದುಬಿಟ್ಟರು. ಮುಟ್ಟು ಮೂರು ತಿಂಗಳಿಗೊಮ್ಮೆ ಆಗುತ್ತಿತ್ತು. ಅದನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಇದು ಪಿಸಿಓಎಸ್, ಅಂದರೆ ಹೆಂಗಸರ ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ, ಕೂದಲು ಬರುವ ತೊಂದರೆ ಅಂತ ಗೊತ್ತಾಗುವಾಗ ನನಗೆ 38 ದಾಟಿತ್ತು.

ಅದನ್ನು ಕಂಡುಹಿಡಿದ ಲೇಡಿ ಡಾಕ್ಟರು ತುಟಿ, ಗದ್ದ, ಎದೆ, ಹೊಟ್ಟೆ, ಬೆನ್ನು, ತೊಡೆ ಅಂತ ಮೈಯ 9 ಕಡೆ ಕೂದಲು ಎಷ್ಟಿದೆ ನೋಡಿ, ಒಂದೊಂದಕ್ಕೂ 0ಯಿಂದ 4ರವರೆಗೆ ಅಂಕ ಹಾಕಿದರು. ನಾಚಿಕೆಯಿಂದ ಕುಗ್ಗಿಹೋಗಿದ್ದೆ. ಆದರೆ ಅವರ ಮುಖದಲ್ಲಿ ಒಂದಿಷ್ಟೂ ಹೇಸಿಗೆ ಕಾಣಲಿಲ್ಲ. ನಿನ್ನ ಪ್ರಶ್ನೆಯನ್ನೇ ಅವರಿಗೆ ಕೇಳಿದೆ, ಪುಟ್ಟಿ. ಗಂಡು ಹಾರ್ಮೋನು ಎಲ್ಲ ಹೆಂಗಸರ ಮೈಯಲ್ಲೂ ಸ್ವಲ್ಪ ಇರುತ್ತದೆ, ಅದು ಜಾಸ್ತಿಯಾದರೆ, ಇಲ್ಲವೇ ಕೂದಲ ಬುಡಕ್ಕೆ ಅದು ಬೇಗ ತಾಗಿದರೆ ನವಿರು ಕೂದಲು ಒರಟಾಗುತ್ತದೆ, ಅಷ್ಟೇ ಅಂದರು. ಆಚೆ ಬಂದು ಬಸ್‌ಸ್ಟಾಪಿನಲ್ಲಿ ಅತ್ತೆ.

ನಾನೇನು ಓದಿದವಳಲ್ಲ, ತಪ್ಪಿದ್ದರೆ ಡಾಕ್ಟರು ತಿದ್ದುತ್ತಾರೆ. ನಿನಗೆ ಟೆಸ್ಟೋಸ್ಟಿರಾನ್ (ಅದೇ ಗಂಡು ಹಾರ್ಮೋನು), ಥೈರಾಯ್ಡ್, ಸಕ್ಕರೆ ಅಂತ ರಕ್ತ ಪರೀಕ್ಷೆ ಬರೆಯಬಹುದು. ಮಾತ್ರೆ ಕೊಟ್ಟರೆ ಗುಣ ಕಾಣಲು 6 ತಿಂಗಳಾದರೂ ಬೇಕು, ನಡುವೆ ಬಿಡಬೇಡ. ಅಲ್ಲಿಯವರೆಗೆ ರೇಜರ್ ಹಾಕಿದರೂ ಪರವಾಗಿಲ್ಲ. ಅದರಿಂದ ದಪ್ಪ ಬರುತ್ತದೆ ಅನ್ನೋದು ಸುಳ್ಳು. ಕೆಲವೇ ತಿಂಗಳಲ್ಲಿ ಜೋರಾಗಿ ಹಬ್ಬಿದರೆ, ದನಿ ಗಡುಸಾದರೆ ಮಾತ್ರ ಒಂದು ದಿನವೂ ಕಾಯಬೇಡ. ನೀನು ಹಾಗೇನೂ ಬರೆದಿಲ್ಲ, ಹೆದರಬೇಡ.

ಹೋದ ಯುಗಾದಿಗೆ ಬಂದಾಗ ನಿನ್ನ ಗದ್ದದ ಕೆಂಪು ಚುಕ್ಕೆ ನೋಡಿದ್ದೆ. ಏನೆಂದು ತಕ್ಷಣ ಗೊತ್ತಾಯಿತು. ಆದರೂ ಸುಮ್ನೆ ಹೋಳಿಗೆ ಬಡಿಸಿದೆ. ಅವತ್ತೇ ಕೇಳಿದ್ದರೆ ನೀನು ಇಷ್ಟು ದಿನ ಒಬ್ಬಳೇ ಹೆದರುತ್ತಿರಲಿಲ್ಲ, ಅಲ್ವಾ?

ಅಮ್ಮನಿಗೆ ಹೇಳುವುದು ಬಿಡುವುದು ನಿನ್ನಿಷ್ಟ. ಡಾಕ್ಟರ ಹತ್ತಿರ ಹೋಗುವ ದಿನ ತಿಳಿಸು. ಬೆಳಗಿನ ಮೊದಲ ಬಸ್ಸಿಗೇ ಬರುತ್ತೇನೆ.

ನಿನ್ನ
ದೊಡ್ಡಮ್ಮ