ಇಕ್ಕಟ್ಟಾದರೂ ಗಟ್ಟಿ: ಫಿಲಿಡೋರ್ ಡಿಫೆನ್ಸ್ ಆಡಬಹುದೇ?

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಕ್ರೀಡಾ ಪುಟದಲ್ಲಿ ಈಚೆಗೆ ಪ್ರಕಟವಾದ ಚದುರಂಗದ ಲೇಖನವೊಂದರಲ್ಲಿ, ಕಪ್ಪು ಕಾಯಿಯವರು ಆಡುವ ಆರಂಭಗಳಲ್ಲೊಂದಾದ ಫಿಲಿಡೋರ್ ಡಿಫೆನ್ಸ್ (ರಕ್ಷಣೆ) ಹಳೆಯ ಕಾಲದ ಉಸಿರುಗಟ್ಟಿಸುವ ಆಟವೆಂದೂ ಈಗಿನವರು ಅದರ ಗೊಡವೆಗೆ ಹೋಗಬಾರದೆಂದೂ ಬರೆಯಲಾಗಿತ್ತು. ಉಸಿರುಗಟ್ಟಿಸುತ್ತದೆ ಎಂಬುದು ನಿಜ. ಆದರೆ ಅದರಿಂದಲೇ ಅದು ಆಡಲು ಯೋಗ್ಯವಲ್ಲ ಎಂಬ ತೀರ್ಮಾನಕ್ಕೆ ಬರುವುದು ಅವಸರದ ಮಾತು. ನನ್ನ ಮಟ್ಟಿಗೆ ಈ ರಕ್ಷಣೆ ಆಡಲು ಯೋಗ್ಯವೇ. ಆದರೆ ಹೆಚ್ಚಿನವರು ಅದನ್ನು ಆರಿಸಿಕೊಳ್ಳುವ ಕಾರಣ ಮಾತ್ರ ತಪ್ಪು. ಓದುವುದು ಕಡಿಮೆ ಎಂದುಕೊಂಡು ಅದಕ್ಕೆ ಕೈ ಹಾಕುತ್ತಾರೆ, ಓದದವರನ್ನು ಅದು ಸುಮ್ಮನೆ ಬಿಡುವುದಿಲ್ಲ.

ಬಿಳಿ ಕಾಲಾಳು ಇ4ಕ್ಕೆ (ಅಕ್ಷರ ಉದ್ದಸಾಲಿನದು, ಅಂಕಿ ಅಡ್ಡಸಾಲಿನದು), ಕಪ್ಪು ಕಾಲಾಳು ಇ5ಕ್ಕೆ ಬಂದ ಮೇಲೆ ಬಿಳಿಯ ಕುದುರೆ ಎಫ್3ಕ್ಕೆ ಜಿಗಿದು ಇ5ರ ಮೇಲೆ ಕಣ್ಣು ಹಾಕುತ್ತದೆ. ಕುದುರೆಯನ್ನು ಸಿ6ಕ್ಕೆ ತಂದು ಅದಕ್ಕೆ ಉತ್ತರ ಕೊಡುವುದು ರೂಢಿ. ಫಿಲಿಡೋರ್‌ನಲ್ಲಿ ಕಪ್ಪು ತನ್ನ ಡಿ ಕಾಲಾಳನ್ನು ಒಂದೇ ಮನೆ ಮುಂದೆ ನೂಕಿ ಡಿ6ರಲ್ಲಿ ಆಸರೆ ಕೊಡುತ್ತದೆ. ಅಲ್ಲಿಗೆ ಎಫ್8ರ ಒಂಟೆಯ ದಾರಿ ಮುಚ್ಚಿ, ಅದಕ್ಕೆ ಇ7 ಬಿಟ್ಟರೆ ಗತಿಯಿಲ್ಲದಂತಾಗುತ್ತದೆ. ಹ್ಯಾನಮ್ ಹೆಸರಿನ ಕ್ರಮದಲ್ಲಿ ರಾಣಿಯ ಕಡೆಯ ಕುದುರೆ ಡಿ7ಕ್ಕೆ ಬಂದು ಕೂತಾಗ ಸಿ8ರ ಒಂಟೆಯ ಮುಂದೆಯೂ ಗೋಡೆ ಎದ್ದಂತೆ. ಇನ್ನೊಂದು ಕುದುರೆ ಎಫ್6ಕ್ಕೆ, ಕಾಲಾಳು ಸಿ6ಕ್ಕೆ, ರಾಣಿ ಸಿ7ಕ್ಕೆ ಬಂದರೆ ಕಪ್ಪಿನ ಬಳಗವೆಲ್ಲ ಹೆಚ್ಚೂಕಡಿಮೆ ಮೂರು ಸಾಲುಗಳಲ್ಲಿ ಒತ್ತೊತ್ತಾಗಿ ನಿಂತಿರುತ್ತದೆ. ವಠಾರದ ಮನೆಯಲ್ಲಿ ಜಾಗ ಎಷ್ಟೇ ಕಡಿಮೆ ಇದ್ದರೂ ಯಾರು ಯಾವಾಗ ನಲ್ಲಿಗೆ ಹೋಗಬೇಕೆಂಬ ಕ್ರಮವಿದ್ದರೆ ಸಂಸಾರ ನಡೆಯುವ ಹಾಗೆ, ಇಲ್ಲಿಯೂ ಕಾಯಿಗಳು ಹೊರಬರುವ ಸರದಿ ಗೊತ್ತಿದ್ದವರಿಗೆ ಮಾತ್ರ ಈ ಇಕ್ಕಟ್ಟು ಬಾಧಿಸುವುದಿಲ್ಲ.

ಈ ರಕ್ಷಣೆಗೆ ಕೆಟ್ಟ ಹೆಸರು ತಂದ ಆಟ ಎಲ್ಲರಿಗೂ ಗೊತ್ತಿರುವಂಥದ್ದೇ. 1858ರಲ್ಲಿ ಪ್ಯಾರಿಸ್ಸಿನ ಒಪೆರಾ ಮಂದಿರದಲ್ಲಿ ಅಮೆರಿಕದ ಪಾಲ್ ಮಾರ್ಫಿ, ಒಟ್ಟಾಗಿ ಆಡಿದ ಬ್ರನ್ಸ್‌ವಿಕ್‌ನ ಡ್ಯೂಕ್ ಮತ್ತು ಕೌಂಟ್ ಇಸುವಾರ್ ಅವರನ್ನು 17 ನಡೆಗಳಲ್ಲಿ ಮುಗಿಸಿದರು. ಹದಿನೆಂಟನೆಯ ಶತಮಾನದ ಫ್ರೆಂಚ್ ಆಟಗಾರ ಫಿಲಿಡೋರ್ ಸ್ವತಃ ಒಪೆರಾ ಸಂಗೀತ ರಚಿಸುತ್ತಿದ್ದವರಾದ್ದರಿಂದ, ಅವರ ಹೆಸರಿನ ರಕ್ಷಣೆ ಒಪೆರಾ ಮಂದಿರದಲ್ಲೇ ಮಣ್ಣುಮುಕ್ಕಿದ್ದು ವಿಧಿಯ ಚೇಷ್ಟೆಯೇ ಸರಿ. ಆದರೆ ಆ ಆಟವನ್ನು ಹಲಗೆಯ ಮೇಲೆ ಒಮ್ಮೆ ಆಡಿ ನೋಡಬೇಕು. ಕಪ್ಪು ಸೋತದ್ದು ಇಕ್ಕಟ್ಟಿನಿಂದಲ್ಲ, ಇಕ್ಕಟ್ಟಿಗೆ ಹೆದರಿ ಒಂಟೆಯನ್ನು ಮೂರನೇ ನಡೆಗೇ ಜಿ4ಕ್ಕೆ ಓಡಿಸಿ, ಮರುನಡೆಗೆ ಅದನ್ನು ಕುದುರೆಗೆ ಕೊಟ್ಟುಬಿಟ್ಟದ್ದರಿಂದ. ಏಳನೇ ನಡೆಗೆ ಮಾರ್ಫಿಯ ರಾಣಿ ಬಿ3ಕ್ಕೆ ಬಂದಾಗ ಎಫ್7, ಬಿ7 ಎರಡೂ ಒಟ್ಟಿಗೆ ಏಟಿಗೆ ಸಿಕ್ಕವು. ಡಿ6 ನಡೆಯ ಮೇಲೆ ಹೊರಿಸಿದ ದೂರಿನಲ್ಲಿ ಮುಕ್ಕಾಲು ಪಾಲು ಆ ಒಂಟೆಗೆ ಸಲ್ಲಬೇಕು. ಇನ್ನೊಂದು ಮಾತು: 1749ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದ ಫಿಲಿಡೋರ್, ಡಿ6 ಆದ ಮೇಲೆ ಎಫ್ ಕಾಲಾಳನ್ನು ಎರಡು ಮನೆ ನುಗ್ಗಿಸಿ ಬಿಳಿಯ ಕೇಂದ್ರಕ್ಕೆ ಪೆಟ್ಟು ಕೊಡಬೇಕೆಂದಿದ್ದವರು. ಇಂದು ನಾವು ಅವರ ಹೆಸರಿನಲ್ಲಿ ಆಡುವ ಅಂಜುಬುರುಕ ಆಟ ಅವರದಲ್ಲ.

ಇನ್ನು ‘ಓದುವುದು ಕಡಿಮೆ’ ಎಂಬ ಭ್ರಮೆಯ ವಿಚಾರ. ಬಿಳಿ ಮೂರನೇ ನಡೆಗೆ ಡಿ4 ಆಡಿದಾಗ ಕಪ್ಪು ಕುದುರೆಯನ್ನು ಡಿ7ಕ್ಕೆ ತಂದಿತು, ಬಿಳಿಯ ಒಂಟೆ ಸಿ4ಕ್ಕೆ ಬಂದಿತು ಎಂದಿಟ್ಟುಕೊಳ್ಳಿ. ಇಲ್ಲಿ ಒಂಟೆಯನ್ನು ಇ7ಕ್ಕೆ ಇಡುವುದು ಯಾರಿಗೂ ಸಹಜವಾಗಿ ಹೊಳೆಯುವ ನಡೆ. ಬಿಳಿ ತಕ್ಷಣ ಇ5ರಲ್ಲಿ ಕಾಲಾಳನ್ನು ಹೊಡೆಯುತ್ತದೆ. ಕಾಲಾಳಿನಿಂದ ಮರಳಿ ಹೊಡೆದರೆ ಬಿಳಿಯ ರಾಣಿ ಡಿ5ಕ್ಕೆ ಬಂದು ಎಫ್7ರಲ್ಲಿ ಚೆಕ್‌ಮೇಟ್ ಬೆದರಿಕೆ ಹಾಕುತ್ತದೆ, ಕಪ್ಪಿಗೆ ನೆಟ್ಟಗಿನ ಉತ್ತರವೇ ಇಲ್ಲ. ಕುದುರೆಯಿಂದ ಹೊಡೆದರೆ, ಕುದುರೆಗಳು ಬದಲಾದ ಬಳಿಕ ರಾಣಿ ಎಚ್5ಕ್ಕೆ ಬಂದು ಎಫ್7ನ್ನೂ ಇ5ನ್ನೂ ಒಟ್ಟಿಗೆ ಹಿಡಿದು ಒಂದು ಕಾಲಾಳನ್ನು ಕಬಳಿಸುತ್ತದೆ. ನಾಲ್ಕನೇ ನಡೆಗೆ ಸಿ6 ಆಡಬೇಕಿತ್ತೆಂಬುದು ಮೊದಲೇ ಓದಿದವರಿಗಷ್ಟೇ ತಿಳಿದಿರುತ್ತದೆ. ಆದ್ದರಿಂದಲೇ ಈಗಿನ ಗ್ರ್ಯಾಂಡ್‌ಮಾಸ್ಟರ್‌ಗಳು ಮೊದಲು ಡಿ6, ಆಮೇಲೆ ಕುದುರೆ ಎಫ್6ಕ್ಕೆ, ಅನಂತರ ಇ5 ಎಂಬ ಸುತ್ತುದಾರಿಯಲ್ಲಿ ಅದೇ ಸ್ಥಿತಿಗೆ ಬರುತ್ತಾರೆ. ಈ ದಾರಿಯಲ್ಲಿಯೂ ಗ್ರ್ಯಾಂಡ್‌ಮಾಸ್ಟರ್ ಶಿರೋವ್ ಹೆಸರಿನಲ್ಲಿ ಪ್ರಸಿದ್ಧವಾದ ಜಿ4 ಎಂಬ ಹುಚ್ಚು ನಡೆ ಐದನೆಯ ಸಲಕ್ಕೇ ಎದುರಾಗಬಹುದು.

ಈ ಸುತ್ತುದಾರಿಗೆ ಒಂದು ಬೆಲೆಯೂ ಇದೆ. ನಾಲ್ಕನೇ ನಡೆಗೆ ಬಿಳಿ ಇ5ರಲ್ಲಿ ಹೊಡೆದು, ಐದನೆಯದರಲ್ಲಿ ರಾಣಿಗಳನ್ನು ಬದಲಿಸಿಬಿಟ್ಟರೆ ಕಪ್ಪಿನ ರಾಜ ಡಿ8ಕ್ಕೆ ಎಳೆಯಲ್ಪಟ್ಟು ಕ್ಯಾಸಲಿಂಗ್ (ರಾಜ, ಆನೆ ಒಂದೇ ನಡೆಯಲ್ಲಿ ಸರಿದು ರಾಜ ಸುರಕ್ಷಿತ ಮೂಲೆ ಸೇರುವ) ಹಕ್ಕು ಕಳೆದುಕೊಳ್ಳುತ್ತದೆ. ತಮ್ಮ ಲೇಖಕರು ಇದನ್ನು ದೊಡ್ಡ ದೋಷವೆಂದು ಎಣಿಸಿದ್ದಾರೆ. ನನಗೆ ಈ ರಕ್ಷಣೆಯಲ್ಲಿ ತೀರಾ ಮೆಚ್ಚಿಗೆಯಾದ ಭಾಗವೇ ಇದು. ಬಿಳಿಯ ಒಂಟೆ ಸಿ4ಕ್ಕೆ ಬಂದಾಗ ಕಪ್ಪು ತನ್ನ ಒಂಟೆಯನ್ನು ಧೈರ್ಯವಾಗಿ ಇ6ರಲ್ಲಿ ಎದುರು ನಿಲ್ಲಿಸುತ್ತದೆ. ಬಿಳಿ ಹೊಡೆದರೆ ಎಫ್ ಕಾಲಾಳಿನಿಂದ ಮರಳಿ ಹೊಡೆದು, ಇ ಸಾಲಿನಲ್ಲಿ ಒಂದರ ಹಿಂದೆ ಒಂದು ಎರಡು ಕಾಲಾಳುಗಳನ್ನು ಮಾಡಿಕೊಳ್ಳುತ್ತದೆ. ನೋಡಲು ಕುರೂಪ. ಆದರೆ ಆ ಜೋಡಿ ಡಿ4, ಡಿ5, ಎಫ್4, ಎಫ್5 ನಾಲ್ಕೂ ಮನೆಗಳಿಗೆ ಕಾವಲಿರುವುದರಿಂದ ಬಿಳಿಯ ಕುದುರೆಗಳಿಗೆ ನಡುಹಲಗೆಯಲ್ಲಿ ನೆಲೆಯೂರಲು ಜಾಗವೇ ಸಿಗುವುದಿಲ್ಲ. ರಾಣಿಗಳು ಹೋದ ಮೇಲೆ ರಾಜನಿಗೆ ನಡುವಿನಲ್ಲಿ ಅಂಥ ಅಪಾಯವೂ ಇಲ್ಲ. ಕಾಲಾಳು ರಚನೆಯ ಅಂದಚಂದಕ್ಕೂ ಅದರ ಉಪಯೋಗಕ್ಕೂ ಇರುವ ಅಂತರವನ್ನು ಇಷ್ಟು ಬೇಗ, ಇಷ್ಟು ನಿಚ್ಚಳವಾಗಿ ತೋರಿಸುವ ಇನ್ನೊಂದು ಆರಂಭ ನನಗೆ ತಿಳಿದಿಲ್ಲ.

ಇಕ್ಕಟ್ಟಾದ ಆಟ ದೊಡ್ಡವರ ಮಟ್ಟದಲ್ಲಿ ನಡೆಯುವುದಿಲ್ಲ ಎಂಬ ಮಾತಿಗೂ ಉತ್ತರವಿದೆ. 2024ರ ನವೆಂಬರ್ 25ರಂದು ಸಿಂಗಪುರದಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಮೊದಲ ಆಟದಲ್ಲೇ ಚೀನಾದ ಡಿಂಗ್ ಲಿರೆನ್ ನಮ್ಮ ಗುಕೇಶ್ ವಿರುದ್ಧ ಇದರಂತೆಯೇ ಇಕ್ಕಟ್ಟಾದ ಫ್ರೆಂಚ್ ಡಿಫೆನ್ಸ್ ಆಡಿ, ಕಪ್ಪು ಕಾಯಿಗಳಲ್ಲಿ 42 ನಡೆಗಳಲ್ಲಿ ಗೆದ್ದರು. ಪಂದ್ಯವನ್ನು ಕೊನೆಗೆ ಗುಕೇಶ್ ಗೆದ್ದದ್ದು ಬೇರೆ ಮಾತು. ಆ ದಿನ ಮಾತ್ರ ಕಾಲಾಳುಗಳನ್ನು ಮುಂದೊತ್ತಿ ಜಾಗ ಹಿಡಿದವರೇ ಆ ಜಾಗವನ್ನು ಕಾಯಲಾರದೆ ಸೋತರು. 1974ರಲ್ಲಿ ಮಾಸ್ಕೋದಲ್ಲಿ ನಡೆದ, ವಿಶ್ವ ಚಾಂಪಿಯನ್‌ನ ಸವಾಲುಗಾರನನ್ನು ಆರಿಸುವ ಪಂದ್ಯದಲ್ಲಿಯೂ ಕೊರ್ಚ್‌ನಾಯ್ ಆಡಿದ ಫ್ರೆಂಚ್ ಡಿಫೆನ್ಸನ್ನು ಕಾರ್ಪೊವ್ ಒಮ್ಮೆಯೂ ಮುರಿಯಲಾಗಲಿಲ್ಲ. ಆದರೆ ಫ್ರೆಂಚನ್ನೂ ಫಿಲಿಡೋರನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ ಎಂಬುದನ್ನು ಒಪ್ಪಬೇಕು. ಫ್ರೆಂಚ್‌ನಲ್ಲಿ ಸಿ5 ಎಂಬ ಬಿಡುಗಡೆಯ ನಡೆ ಮೂರನೆಯ, ನಾಲ್ಕನೆಯ ಸಲಕ್ಕೇ ಕೈಗೆ ಸಿಗುತ್ತದೆ. ಫಿಲಿಡೋರ್‌ನಲ್ಲಿ ಬಿ5ಕ್ಕೆ ನುಗ್ಗುವುದೋ, ಡಿ5ಕ್ಕೆ ತಳ್ಳುವುದೋ, ಡಿ4ರಲ್ಲಿ ಹೊಡೆದು ಇ4 ಕಾಲಾಳಿನ ಮೇಲೆ ಆನೆಯ ಒತ್ತಡ ಹಾಕುವುದೋ ಎಂಬುದನ್ನು ಹತ್ತನೆಯ ನಡೆ ದಾಟಿದ ಮೇಲೆ ಆಟಗಾರನೇ ತೀರ್ಮಾನಿಸಬೇಕು. ಬಿಳಿ ಎ4 ಆಡಿ ಬಿ5ರ ದಾರಿಗೆ ಮೊದಲೇ ಅಡ್ಡ ಹಾಕಿರುತ್ತದೆ. ತಾಳಿದವನು ಬಾಳಿಯಾನು ಎಂದು ಸುಮ್ಮನೆ ಕೂತವನು ಇಲ್ಲಿ ಬಾಳುವುದಿಲ್ಲ.

ಕಂಪ್ಯೂಟರ್ ಎಂಜಿನ್ ಈ ರಕ್ಷಣೆಯಲ್ಲಿ ಬಿಳಿಗೆ ಅರ್ಧ ಕಾಲಾಳಿನ ಆಸುಪಾಸಿನ ಮೇಲುಗೈ ತೋರಿಸುತ್ತದೆ. ಗ್ರ್ಯಾಂಡ್‌ಮಾಸ್ಟರ್‌ಗಳಿಗೆ ಅದು ಸಣ್ಣ ಸಂಗತಿಯಲ್ಲ. ಭಾನುವಾರದ ರ‍್ಯಾಪಿಡ್ ಟೂರ್ನಿಗಳಲ್ಲಿ ಆಡುವ ನನ್ನಂಥವರ ಆಟದಲ್ಲಿ ಒಂದು ಮೈಮರೆತ ನಡೆಗೆ ಆ ಮೇಲುಗೈ ಕರಗಿಹೋಗುತ್ತದೆ. ಉದ್ಯೋಗದ ನಡುವೆ ಬಿಡುವು ಮಾಡಿಕೊಂಡು ಆಡುವ, ವರ್ಷಕ್ಕೊಮ್ಮೆ ಹೊಸ ವೇರಿಯೇಷನ್‌ಗಳ ಬೆನ್ನು ಹತ್ತಲಾಗದ ವಯಸ್ಕರಿಗೆ ಈ ರಕ್ಷಣೆಯನ್ನು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಗಡಿಯಾರದ ಬಗ್ಗೆ ಮಾತ್ರ ಎಚ್ಚರವಿರಲಿ: ಮೊದಲ ಎಂಟು ನಡೆಗಳಲ್ಲಿ ಉಳಿಸಿದ ಸಮಯವೆಲ್ಲ ಹದಿನೈದರ ಆಸುಪಾಸಿನಲ್ಲಿ ಬೇಕಾಗುತ್ತದೆ.

ಮಕ್ಕಳ ವಿಷಯದಲ್ಲಿ ತಮ್ಮ ಲೇಖಕರ ಮಾತೇ ಸರಿ. ಕೆಲವು ತರಬೇತುದಾರರು ಆರೇಳು ವರ್ಷದ ಮಕ್ಕಳಿಗೆ ‘ಎದುರಾಳಿ ಏನೇ ಆಡಲಿ, ನೀನು ಡಿ6, ಕುದುರೆ, ಒಂಟೆ, ಕ್ಯಾಸಲಿಂಗ್’ ಎಂದು ಮಗ್ಗಿಯಂತೆ ಬಾಯಿಪಾಠ ಮಾಡಿಸಿ ಟೂರ್ನಿಗೆ ಕಳುಹಿಸುವುದನ್ನು ನೋಡುತ್ತಿದ್ದೇನೆ. ಬೇಗ ಸೋಲದಿರಲು ಅದು ಸಾಕು, ಪೋಷಕರಿಗೂ ಸಮಾಧಾನ. ಆದರೆ ಕಾಯಿಗಳನ್ನು ಬಯಲಿಗೆ ತಂದು ಹೊಡೆದಾಡಿ, ಹೊಡೆಸಿಕೊಂಡು ಕಲಿಯಬೇಕಾದ ವಯಸ್ಸಿನಲ್ಲಿ ಮಗು ಮೂರು ಸಾಲಿನೊಳಗೆ ಕಾಯುತ್ತ ಕೂರುವುದನ್ನು ಕಲಿಯುತ್ತದೆ. ಅಂಥ ಮಕ್ಕಳಿಗೆ ಎರಡನೇ ನಡೆಗೆ ಕುದುರೆ ಸಿ6ಕ್ಕೇ ಬರಲಿ. ಇಟಾಲಿಯನ್, ಸ್ಕಾಚ್ ಆಟಗಳಲ್ಲಿ ಒಂದಷ್ಟು ಪೆಟ್ಟು ತಿಂದ ಮೇಲೆ ಫಿಲಿಡೋರ್ ಎಲ್ಲಿಗೂ ಓಡಿಹೋಗಿರುವುದಿಲ್ಲ.

ತಮ್ಮ ಅಂಕಣದಲ್ಲಿ ಮಾರ್ಫಿಯ ಆಟವನ್ನೇ ಮತ್ತೆ ಮತ್ತೆ ಅಚ್ಚು ಹಾಕುವ ಬದಲು, ಐದನೇ ನಡೆಗೆ ರಾಣಿಗಳು ಬದಲಾದ ಮೇಲೆ ಕಪ್ಪು ಗೆದ್ದ ಆಟವೊಂದನ್ನೂ ಕಪ್ಪು ಹಿಡಿತ ತಪ್ಪಿ ಸೋತ ಆಟವೊಂದನ್ನೂ ಟಿಪ್ಪಣಿಯೊಂದಿಗೆ ಅಕ್ಕಪಕ್ಕದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ಹವ್ಯಾಸಿ ಆಟಗಾರ, ಮೈಸೂರು