ಸಾಲಿನಲ್ಲಿ ನಿಂತ ಮಗಳಿಗೆ

ಬೆಂಗಳೂರು
20 ಜೂನ್ 2025

ಪ್ರೀತಿಯ ಪುಟ್ಟಿ,

ಆಶೀರ್ವಾದಗಳು. ನೀನು ನನ್ನ ಫೋನ್ ಎತ್ತುತ್ತಿಲ್ಲ. ಅಮ್ಮನ ಮೊಬೈಲಿಗೆ ಮಾತ್ರ ‘ಚೆನ್ನಾಗಿದ್ದೇನೆ’ ಎಂಬ ಒಂದು ಸಾಲು ಬರುತ್ತದೆ. ಬರುವ 30ಕ್ಕೆ ಮಿಲಾನ್‌ನಲ್ಲಿ ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ಕಾರ್ಯಕ್ರಮಕ್ಕೆ ಹೊರಟಿದ್ದೀಯ ಎಂಬುದೂ ಅವಳಿಂದಲೇ ತಿಳಿಯಿತು. ನೀನು ಹೊರಡುವ ಮೊದಲು ಓದಲಿ ಎಂದು ಬರೆಯುತ್ತಿದ್ದೇನೆ. 5ನೇ ತಾರೀಖು ಬೆಳಿಗ್ಗೆ ನಾವಿಬ್ಬರೂ ಆಡಿದ ಮಾತುಗಳನ್ನು ಮತ್ತೆ ಎತ್ತುವುದಿಲ್ಲ, ನಿನಗೂ ನೆನಪಿವೆ. ದನಿ ಏರಿಸಿದ್ದಕ್ಕೆ, ಅವರನ್ನು ‘ಆ ಮುದುಕ’ ಎಂದದ್ದಕ್ಕೆ ಕ್ಷಮಿಸು. ಭಯಪಟ್ಟಿದ್ದಕ್ಕೆ ಮಾತ್ರ ಕ್ಷಮೆ ಕೇಳಲಾರೆ.

ಹಿಂದಿನ ದಿನ ನಮ್ಮ ಮನೆಯಲ್ಲಿ ಸಂಜೆ ಹೇಗೆ ಕಳೆಯಿತೆಂದು ನೀನು ಕೇಳಲಿಲ್ಲ, ಹೇಳುವಷ್ಟು ಸಮಾಧಾನ ನನಗೂ ಇರಲಿಲ್ಲ. ಆರ್‌ಸಿಬಿಗಾಗಿ ಹದಿನೆಂಟು ವರ್ಷ ಕಾದ ಐಪಿಎಲ್ ಕಪ್ ಕೊನೆಗೂ ಬಂದಿತ್ತು. ಊರಿಗೆ ಊರೇ ಚಿನ್ನಸ್ವಾಮಿ ಕ್ರೀಡಾಂಗಣದ ಕಡೆ ಹೊರಟಿತ್ತು. ಮೂವತ್ತೈದು ಸಾವಿರ ಜನ ಹಿಡಿಸುವ ಜಾಗಕ್ಕೆ ಎರಡು ಮೂರು ಲಕ್ಷ ಜನ ಬಂದಿದ್ದರೆಂದು ಆಮೇಲೆ ಸರಕಾರವೇ ಹೇಳಿತು. ಮೊದಲು ಟಿವಿಯಲ್ಲಿ ಕುಣಿತ, ಬಾವುಟ. ಸ್ವಲ್ಪ ಹೊತ್ತಿಗೆ ಆಂಬುಲೆನ್ಸ್. ಆಮೇಲೆ ಗೇಟಿನ ಮುಂದೆ ಬಿದ್ದಿದ್ದ ಚಪ್ಪಲಿಗಳನ್ನು ತೋರಿಸತೊಡಗಿದರು. ಅವುಗಳ ನಡುವೆ ಒಂದು ಕ್ಯಾನ್ವಾಸ್ ಶೂ ಇತ್ತು, ಲೇಸ್ ಬಿಗಿದು ಕಟ್ಟಿದ್ದು ಹಾಗೆಯೇ ಇತ್ತು. ಕಟ್ಟಿದ ಲೇಸಿನ ಶೂ ಕಾಲಿನಿಂದ ಕಳಚಿಕೊಳ್ಳಬೇಕಾದರೆ ಎಷ್ಟು ಒತ್ತಡ ಬೇಕು ಎಂದು ನಾನು ಲೆಕ್ಕ ಹಾಕುತ್ತ ಕುಳಿತಿದ್ದೆ. ಹನ್ನೊಂದು ಮಂದಿ ಹೋದರು. ಬಹುಪಾಲು ನಿನಗಿಂತ ಚಿಕ್ಕವರು.

ಇಲ್ಲಿ ಸಂಜೆಯಾದಾಗ ಲಿವರ್‌ಪೂಲಿನಲ್ಲಿ ಮಧ್ಯಾಹ್ನ. ಅದೇ ಹೊತ್ತಿನಲ್ಲಿ ನೀನು ಸ್ಪ್ರಿಂಗ್‌ಸ್ಟೀನ್ ಅವರ ಕಾರ್ಯಕ್ರಮಕ್ಕೆಂದು ಅಲ್ಲಿನ ಆನ್‌ಫೀಲ್ಡ್ ಕ್ರೀಡಾಂಗಣದ ಗೇಟಿನ ಹೊರಗೆ ನಿಂತಿದ್ದೆ, ಬ್ಯಾಟರಿ ಉಳಿಸಲೆಂದು ಫೋನ್ ಆರಿಸಿದ್ದೆ. ಒಳಗೆ ಹೋದ ಮೇಲೆ ಸಿಗ್ನಲ್ ಇರಲಿಲ್ಲ. ನಡುರಾತ್ರಿ ದಾಟಿ ಎಷ್ಟೋ ಹೊತ್ತಿನವರೆಗೆ ‘ನೀವು ಕರೆ ಮಾಡಿರುವ ಚಂದಾದಾರರು’ ಎಂಬ ಧಾಟಿಯ ಇಂಗ್ಲಿಷ್ ದನಿಯನ್ನೇ ಕೇಳಿದೆ. ಅಮ್ಮ ದೇವರ ಮನೆಯಲ್ಲಿ ಕುಳಿತಿದ್ದಳು. ನಾನು ಟಿವಿ ಆರಿಸಲಿಲ್ಲ. ಪರದೆಯ ಮೇಲೆ ಕಬ್ಬನ್ ರಸ್ತೆಯ ಗೇಟು, ತಲೆಯೊಳಗೆ ನೀನಿದ್ದ ಗೇಟು.

ಲೋಕೋಪಯೋಗಿ ಇಲಾಖೆಯಲ್ಲಿ ತಲೆ ನರೆಸಿಕೊಂಡವನು ನಾನು. ಯಾವ ಕಟ್ಟಡಕ್ಕೆ ಹೋದರೂ ಮೊದಲು ಬಾಗಿಲು ಎಣಿಸುತ್ತೇನೆ, ಅವು ಒಳಕ್ಕೆ ತೆರೆಯುತ್ತವೆಯೋ ಹೊರಕ್ಕೋ ನೋಡುತ್ತೇನೆ. ಆದ್ದರಿಂದ ಕೇಳಿಸಿಕೋ. ಒಂದು ಚದರ ಮೀಟರಿನಲ್ಲಿ ನಾಲ್ವರು ನಿಂತರೆ ಇಕ್ಕಟ್ಟು, ಆದರೆ ಅಲ್ಲಾಡಬಹುದು. ಆರೇಳು ಮಂದಿಯಾದರೆ ನಿನ್ನ ಕಾಲು ನಿನ್ನ ಮಾತು ಕೇಳುವುದಿಲ್ಲ. ಹಿಂದೆ ಯಾರೋ ನೂಕಿದ್ದು ಅಲೆಯ ಹಾಗೆ ಮುಂದಕ್ಕೆ ಸಾಗುತ್ತದೆ, ಗೇಟಿಗೋ ಗೋಡೆಗೋ ಬಂದು ನಿಲ್ಲುತ್ತದೆ, ಅಲ್ಲಿರುವವರ ಎದೆಯ ಮೇಲೆ. ಹಿಂದಿನವನಿಗೆ ಮುಂದೆ ಏನಾಗುತ್ತಿದೆ ಎಂಬುದು ಕಾಣುವುದೇ ಇಲ್ಲ. ಯಾರೂ ಯಾರನ್ನೂ ತುಳಿಯಬೇಕಾಗಿಲ್ಲ, ನಿಂತಲ್ಲೇ ಉಸಿರು ಕಟ್ಟುತ್ತದೆ. ಆಸ್ಪತ್ರೆಯಲ್ಲಿ ಕೆಲಸ ಮಾಡುವ ನಿನಗೆ ಇದನ್ನು ನಾನು ವಿವರಿಸಬೇಕಾಗಿಲ್ಲ, ಆದರೂ ವಿವರಿಸುತ್ತಿದ್ದೇನೆ.

1979ರ ಡಿಸೆಂಬರ್‌ನಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ‘ದ ಹೂ’ ಎಂಬ ತಂಡದ ಕಾರ್ಯಕ್ರಮಕ್ಕೆ ಬಂದವರಲ್ಲಿ ಹನ್ನೊಂದು ಮಂದಿ ಹೀಗೆಯೇ ಹೊರಗೆ ಬಾಗಿಲ ಮುಂದೆ ಸತ್ತರು. ತೆರೆದದ್ದು ಕೆಲವೇ ಬಾಗಿಲು. ಒಳಗಿನಿಂದ ಸಂಗೀತದ ಸದ್ದು ಕೇಳಿ, ಶುರುವಾಗಿಯೇಬಿಟ್ಟಿತು ಎಂದು ಜನ ನುಗ್ಗಿದರು. ಆ ಊರು ಆಮೇಲೆ ಸೀಟು ಸಂಖ್ಯೆಯಿಲ್ಲದ ಟಿಕೆಟ್ಟನ್ನೇ ನಿಷೇಧಿಸಿತು. ಆ ನಿಷೇಧಕ್ಕೆ 2002ರಲ್ಲಿ ಒಂದು ಸಲ ವಿನಾಯಿತಿ ಕೊಟ್ಟದ್ದು ನಿಮ್ಮ ಸ್ಪ್ರಿಂಗ್‌ಸ್ಟೀನ್ ಅವರ ಕಾರ್ಯಕ್ರಮಕ್ಕೆ. ಅವರ ಕೇಳುಗರನ್ನು ನಂಬಬಹುದು ಎಂದು ಒಂದು ನಗರಸಭೆಗೇ ಅನಿಸಿತ್ತು ಎಂದಮೇಲೆ ನಾನೂ ಸ್ವಲ್ಪ ನಂಬಬೇಕು ಎಂದುಕೊಂಡೆ.

ಆದರೆ ಈ ಎರಡು ವಾರ ನನ್ನ ನಿದ್ದೆ ಕೆಡಿಸಿದ್ದು ಇನ್ನೊಂದು. ದುರಂತ ನಡೆದ ರಾತ್ರಿಯೇ, ಕುಟುಂಬದವರು ಇನ್ನೂ ಶವಾಗಾರದ ಮುಂದೆ ಕುಳಿತಿರುವಾಗಲೇ, ‘ಹುಚ್ಚು ಅಭಿಮಾನ’, ‘ಓದು ಬಿಟ್ಟು ಅಲ್ಲಿಗೆ ಏಕೆ ಹೋಗಬೇಕಿತ್ತು’ ಎನ್ನುವವರು ಟಿವಿಯಲ್ಲಿ, ನಮ್ಮ ಬೀದಿಯಲ್ಲಿ, ಬೆಳಗಿನ ವಾಕಿಂಗ್ ಗುಂಪಿನಲ್ಲಿ ಎದ್ದುಬಂದರು. ನನಗೆ ಮೈ ಉರಿಯಿತು. ಪ್ರೀತಿಸಿದ್ದು ತಪ್ಪೇ? ಗೇಟು ಯಾವುದು ತೆರೆಯುತ್ತದೆ, ಟಿಕೆಟ್ ಬೇಕೋ ಬೇಡವೋ ಎಂದು ಸರಿಯಾಗಿ ಹೇಳದವರನ್ನು ಬಿಟ್ಟು ಸತ್ತ ಮಕ್ಕಳನ್ನು ಬೈಯುವುದು ಯಾವ ನ್ಯಾಯ?

ನೀನು ಬಸ್ಸಿನಲ್ಲಿ ದಿನವೂ ದಾಟಿ ಹೋಗುವ ಆನ್‌ಫೀಲ್ಡಿನ ಹೊರಗೆ ಒಂದು ಸ್ಮಾರಕವಿದೆ, 97 ಹೆಸರುಗಳಿವೆ. ನೀನು ನೋಡಿರುತ್ತೀಯ. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೊ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಫುಟ್‌ಬಾಲ್ ತಂಡದ ಆಟ ನೋಡಲು ಹೋದವರು. ಹೊರಗೆ ನೂಕುನುಗ್ಗಲಾಯಿತೆಂದು ಪೊಲೀಸರು ಒಂದು ದೊಡ್ಡ ಗೇಟು ತೆರೆಸಿದರು. ಜನ ನೇರವಾಗಿ, ಆಗಲೇ ತುಂಬಿದ್ದ ಬೇಲಿಯೊಳಕ್ಕೆ ಹರಿದರು. ಆಮೇಲೆ ಹೇಳಿದ್ದೇನು? ಅಭಿಮಾನಿಗಳು ಕುಡಿದಿದ್ದರು, ಅವರದೇ ತಪ್ಪು ಎಂದು. ಅವರದು ತಪ್ಪಲ್ಲ ಎಂದು ವಿಚಾರಣೆಯ ಜ್ಯೂರಿಯ ಬಾಯಿಂದ ಹೇಳಿಸಲು ಆ ತಾಯಿತಂದೆಯರು 2016ರವರೆಗೆ, ಇಪ್ಪತ್ತೇಳು ವರ್ಷ, ಹೋರಾಡಬೇಕಾಯಿತು. ನಾನು ಇದನ್ನು ಓದಿ ಮುಗಿಸಿದ ದಿನ ನಿನಗೆ ಫೋನ್ ಮಾಡಿದೆ. ನೀನು ಎತ್ತಲಿಲ್ಲ.

ಅಮ್ಮನಿಗೆ ನೀನು ಕಳಿಸಿದ ಫೋಟೊ ನೋಡಿದೆ. ಎಡಗೈಯ ಹಿಂಬದಿಯಲ್ಲಿ ಕಪ್ಪು ಮಾರ್ಕರಿನಿಂದ ಬರೆದ 214, ನಾಲ್ಕರ ಕಾಲು ಬೆವರಿಗೆ ಕರಗಿ ಮಣಿಕಟ್ಟಿನವರೆಗೆ ಇಳಿದಿತ್ತು. ಆ ನಂಬರಿನ ಕತೆಯನ್ನು ಅಮ್ಮ ಓದಿ ಹೇಳಿದಳು. ಬಂದವರಿಗೆಲ್ಲ ಸರತಿಯ ಸಂಖ್ಯೆ ಕೊಟ್ಟು ಯಾರೋ ಒಬ್ಬರು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ; ದಿನಕ್ಕೆ ಹಲವು ಸಲ ಹಾಜರಿ ಕೂಗುತ್ತಾರೆ; ಕೂಗಿದಾಗ ಇಲ್ಲದಿದ್ದರೆ ಹೆಸರು ಹೊಡೆದುಹಾಕುತ್ತಾರೆ; ಬಾಗಿಲು ತೆರೆಯುವ ಮುನ್ನ ಸಂಖ್ಯೆಯ ಪ್ರಕಾರ ನಿಲ್ಲಿಸಿ ಒಳಕ್ಕೆ ನಡೆಸುತ್ತಾರೆ, ಓಡುವಂತಿಲ್ಲ. ಇದನ್ನು ಮಾಡುವವರು ಪೊಲೀಸರೂ ಅಲ್ಲ, ಸಂಘಟಕರೂ ಅಲ್ಲ, ನಿನ್ನಂಥ ಅಭಿಮಾನಿಗಳೇ. ಪುಟ್ಟಿ, ಇದನ್ನು ನೀನು ನನಗೆ ಮೊದಲೇ ಏಕೆ ಹೇಳಲಿಲ್ಲ? ಇಡೀ ಇಲಾಖೆಗೆ ಪಾಠ ಹೇಳುವಂಥ ವ್ಯವಸ್ಥೆ ಇದು. ಅವರು ಮುಂದಿನ ಸಾಲು ಸಿಗಲೆಂದು ಮಾಡಿಕೊಂಡದ್ದು ಜೀವವನ್ನೂ ಕಾಯುತ್ತದೆ. ಆ ಪುಸ್ತಕ ಹಿಡಿದವರು ಯಾರೇ ಆಗಿರಲಿ, ನನ್ನ ನಮಸ್ಕಾರ ತಿಳಿಸು.

ಒಬ್ಬರನ್ನೇ ಮತ್ತೆ ಮತ್ತೆ ಏನು ನೋಡುವುದು ಎಂದು ಕೇಳಿದ್ದೆನಲ್ಲ, ಅದು ನಾನು ಕೇಳಬಾರದ ಪ್ರಶ್ನೆ. ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ರಾಮನವಮಿ ಪೆಂಡಾಲಿನಲ್ಲಿ ಯೇಸುದಾಸ್ ಹಾಡುವ ದಿನ ಒಳಗೆ ಜಾಗ ಸಿಗದೆ ರಸ್ತೆಯಲ್ಲಿ ಸೈಕಲ್ಲಿಗೆ ಒರಗಿ ಕೇಳಿದವನು ನಾನು. ಹೋದ ವರ್ಷ ಕೇಳಿದ ಕೀರ್ತನೆಯನ್ನೇ ಈ ವರ್ಷವೂ ಹಾಡಲಿ ಎಂದು ಹಾರೈಸಿದವನು. ನಿಮ್ಮವರು ಇನ್ನೂ ಒಂದು ಹೆಜ್ಜೆ ಮುಂದೆ. ಜನ ರಟ್ಟಿನ ಮೇಲೆ ಹಾಡಿನ ಹೆಸರು ಬರೆದು ಎತ್ತಿ ಹಿಡಿದರೆ, ಅದನ್ನು ಇಸಿದುಕೊಂಡು ತಂಡಕ್ಕೆ ತೋರಿಸಿ ಅದನ್ನೇ ಹಾಡಿಬಿಡುತ್ತಾರೆ. ನೆನ್ನೆಯ ಪಟ್ಟಿ ಇವತ್ತಿಗಿಲ್ಲ. 2012ರಲ್ಲಿ ಹೆಲ್ಸಿಂಕಿಯಲ್ಲಿ ನಾಲ್ಕು ಗಂಟೆ ಆರು ನಿಮಿಷ ಹಾಡಿದರಂತೆ, ಆಗ ಅವರಿಗೆ ಅರವತ್ತೆರಡು. ಆ ವಯಸ್ಸಿನಲ್ಲಿ ನನಗೆ ಮೂರನೆಯ ಮಹಡಿ ಹತ್ತಿದರೆ ಮಂಡಿ ನೋಯುತ್ತಿತ್ತು. ಈಗ ಎಪ್ಪತ್ತೈದು. 2023ರಲ್ಲಿ ಹೊಟ್ಟೆಯ ಹುಣ್ಣಿನಿಂದ ತಿಂಗಳುಗಟ್ಟಲೆ ಹಾಡಲಾಗಲಿಲ್ಲ, ಮರುವರ್ಷ ಗಂಟಲು ಕೈಕೊಟ್ಟು ಮಿಲಾನ್ ಕಾರ್ಯಕ್ರಮವೇ ಮುಂದಕ್ಕೆ ಹೋಯಿತು. ಆ ಟಿಕೆಟ್ಟನ್ನು ವಾಪಸು ಕೊಡದೆ ನೀನು ವರ್ಷವಿಡೀ ಇಟ್ಟುಕೊಂಡಿದ್ದೀಯ. ಇನ್ನೆಷ್ಟು ಸಲ ಬರುತ್ತಾರೋ ಎಂಬ ಲೆಕ್ಕ ನಿನ್ನ ಮನಸ್ಸಿನಲ್ಲಿದೆ ಎಂದು ನನಗೆ ಗೊತ್ತು. ಅದಕ್ಕೇ ರಾತ್ರಿಪಾಳಿ ಮುಗಿಸಿ ನೇರ ಸಾಲಿಗೆ ಹೋಗುತ್ತೀಯ.

ಅವರ ಸ್ಯಾಕ್ಸೊಫೋನ್ ವಾದಕ ಕ್ಲಾರೆನ್ಸ್ ಕ್ಲೆಮನ್ಸ್ 2011ರಲ್ಲಿ ತೀರಿಕೊಂಡ ಮೇಲೆ ತಮ್ಮನ ಮಗ ಜೇಕ್ ಆ ಜಾಗದಲ್ಲಿ ನಿಂತು ನುಡಿಸುತ್ತಾನೆ, ಅವನು ಮುಂದೆ ಬಂದಾಗಲೆಲ್ಲ ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಅಳುತ್ತಿದ್ದರು ಎಂದು ನೀನು ಹಿಂದೊಮ್ಮೆ ಬರೆದಿದ್ದೆ. ಆ ಅಜ್ಜಿ ನನ್ನ ವಯಸ್ಸಿನವರೇ ಇರಬೇಕು. ಆಗ ಅದು ನನಗೆ ತಟ್ಟಿರಲಿಲ್ಲ.

ಎಂಜಿನಿಯರ್‌ಗೆ ತಟ್ಟುವುದು ಬೇರೆ ಸಂಗತಿ. 1985ರ ಜೂನ್‌ನಲ್ಲಿ ಸ್ವೀಡನ್ನಿನ ಯೋಟೆಬೊರಿಯ ಉಲ್ಲೇವಿ ಕ್ರೀಡಾಂಗಣದಲ್ಲಿ ಅವರು ಹಾಡಿದಾಗ ಜನ ತಾಳಕ್ಕೆ ಸರಿಯಾಗಿ ಒಟ್ಟಿಗೆ ಕುಪ್ಪಳಿಸಿದರು. ಕೆಳಗೆ ಜೇಡಿ ನೆಲ. ಕಟ್ಟಡದ ಬುಡಕ್ಕೇ ಪೆಟ್ಟಾಗಿ, ದೊಡ್ಡ ಖರ್ಚಿನಲ್ಲಿ ಭದ್ರಪಡಿಸಬೇಕಾಯಿತು. 2016ರಲ್ಲಿ ಬಾರ್ಸಿಲೋನಾದ ಕ್ಯಾಂಪ್ ನೌ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಹಾಡಿದಾಗ ಹತ್ತಿರದ ಭೂವಿಜ್ಞಾನ ಸಂಸ್ಥೆಯ ಭೂಕಂಪಮಾಪಕ ಜನರ ಕುಣಿತವನ್ನು ದಾಖಲಿಸಿತು. ಗೋಲು ಬಿದ್ದರೆ ನೆಲ ಒಮ್ಮೆಗೇ ಬೆಚ್ಚುತ್ತದೆ. ಹಾಡಿಗಾದರೆ ಲಯಬದ್ಧವಾಗಿ ನಡುಗುತ್ತದೆ, ಗೆರೆಗಳಲ್ಲಿ ತಾಳವೇ ಕಾಣುತ್ತದೆ. ಆ ನಕ್ಷೆಯನ್ನು ನಾನು ಎಷ್ಟೋ ಹೊತ್ತು ನೋಡಿದೆ. ಅಷ್ಟು ಜನ ಒಂದೇ ಕ್ಷಣದಲ್ಲಿ ನೆಲ ಬಿಟ್ಟು ಒಂದೇ ಕ್ಷಣದಲ್ಲಿ ನೆಲಕ್ಕೆ ಬರುತ್ತಾರೆ, ಯಾರಿಗೂ ಏನೂ ಆಗದೆ ಮನೆಗೆ ಹೋಗುತ್ತಾರೆ. ಕುಣಿಯುವುದಕ್ಕೆ ಜಾಗವಿದ್ದುದರಿಂದ ಕುಣಿದರು. ಕಬ್ಬನ್ ರಸ್ತೆಯಲ್ಲಿ ನಿಂತ ಹುಡುಗರಿಗೂ ಅಷ್ಟೇ ಜಾಗ ಬೇಕಿತ್ತು.

ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ 2012ರಲ್ಲಿ ಅವರೂ ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿಯೂ ವೇದಿಕೆಯಲ್ಲಿರುವಾಗಲೇ ಸಮಯ ಮೀರಿತೆಂದು ಮೈಕ್ ನಿಲ್ಲಿಸಿದರು ಎಂದು ನಿಮಗೆಲ್ಲ ಇನ್ನೂ ಸಿಟ್ಟಿದೆ. ಈ ವಿಷಯದಲ್ಲಿ ನಾನು ಅಧಿಕಾರಿಗಳ ಕಡೆ. ಅವೇಳೆಯಲ್ಲಿ ಅಷ್ಟು ಜನರನ್ನು ಮನೆ ತಲುಪಿಸುವುದೂ ಒಬ್ಬರ ಹೊಣೆ. ಆದರೆ ಈ 7ರಂದು ಆನ್‌ಫೀಲ್ಡಿನಲ್ಲಿ ಅದೇ ಮೆಕಾರ್ಟ್ನಿ, ತಮ್ಮದೇ ಊರಿನಲ್ಲಿ, ವೇದಿಕೆಗೆ ಬಂದು ಇವರೊಂದಿಗೆ ಹಾಡಿದರು, ನೀನು ಆ ದಿನ ವಾರ್ಡಿನಲ್ಲಿದ್ದೆ. ಪಾಳಿ ಬದಲಿಸಿಕೊಳ್ಳಲು ಯಾರೂ ಸಿಗಲಿಲ್ಲವಂತೆ. ಕಿಟಕಿ ತೆರೆದು ಕೇಳಿಸುತ್ತದೆಯೇ ಎಂದು ನೋಡಿದೆಯಂತೆ. ಅಮ್ಮ ಇದನ್ನು ಹೇಳಿದಾಗ ನನಗೆ ಎಷ್ಟು ಹೆಮ್ಮೆಯಾಯಿತೋ ಅಷ್ಟೇ ಸಂಕಟವೂ ಆಯಿತು. ಆಗಲೂ ಫೋನ್ ಮಾಡಬೇಕೆನಿಸಿತು, ಮಾಡಲಿಲ್ಲ.

ಈಗ ಮಿಲಾನ್ ವಿಷಯ. ಸ್ಯಾನ್ ಸಿರೋ ದೊಡ್ಡ ಕ್ರೀಡಾಂಗಣ. ಇಟಲಿಯಲ್ಲಿ ಅವರು ಮೊದಲು ಹಾಡಿದ್ದೇ ಅಲ್ಲಿ, 1985ರಲ್ಲಿ. ಅಲ್ಲಿನ ಜನಕ್ಕೆ ಅದು ಹಬ್ಬ. ಬೇಗ ಹೋಗು, ಆದರೆ ಹಿಂದಿನ ರಾತ್ರಿ ಆಸ್ಪತ್ರೆಯಲ್ಲಿ ನಿದ್ದೆಗೆಟ್ಟು ಹೋಗಬೇಡ. ಬಿಸಿಲಿರುತ್ತದೆ, ಟೋಪಿ, ನೀರು, ಓಆರ್‌ಎಸ್ ಪೊಟ್ಟಣ ಇಟ್ಟುಕೋ. ಒಳಗೆ ಹೋದ ಕೂಡಲೇ, ವೇದಿಕೆ ನೋಡುವ ಮೊದಲು, ಹಿಂದಿರುಗಿ ಎರಡು ಬಾಗಿಲು ಗುರುತಿಸಿಕೋ. ಬಂದ ಬಾಗಿಲೇ ಹತ್ತಿರದ್ದು ಎಂದುಕೊಳ್ಳಬೇಡ. ಎರಡೂ ಭುಜಕ್ಕೆ ಒಟ್ಟಿಗೆ ಜನ ತಾಗಿದರೆ ಅಲ್ಲಿ ನಿಲ್ಲಬೇಡ, ಎಷ್ಟೇ ಒಳ್ಳೆಯ ಜಾಗವಾಗಿರಲಿ. ಒತ್ತಡ ಬಂದರೆ ಎದುರು ನೂಕಬೇಡ, ಅಲೆ ಸಡಿಲಿದಾಗ ಓರೆಯಾಗಿ ಅಂಚಿಗೆ ಸರಿ. ಮುಂಗೈಗಳನ್ನು ಎದೆಯ ಮುಂದೆ ಮಡಚಿಕೋ, ಉಸಿರಿಗೆ ಜಾಗ ಸಿಗುತ್ತದೆ. ಫೋನ್ ಬಿದ್ದರೆ ಬಗ್ಗಬೇಡ, ಹೋಗಲಿ, ಹೊಸದು ಕೊಡಿಸುತ್ತೇನೆ. ಇದೆಲ್ಲ ಭಾಷಣವಾಯಿತು ಎಂದು ಅಮ್ಮ ಹಿಂದಿನಿಂದ ಓದಿ ಹೇಳುತ್ತಿದ್ದಾಳೆ. ಆಗಲಿ. ಇನ್ನೊಂದು ಮಾತು: ಸಾಲಿನಲ್ಲಿ ಪಕ್ಕದಲ್ಲಿ ನಿಂತವರೊಬ್ಬರ ಫೋನ್ ನಂಬರನ್ನು ಅಮ್ಮನಿಗೆ ಕಳಿಸು. ಹಗಲೆಲ್ಲ ಆಫ್ ಇರಲಿ, ಹೊರಗೆ ಬಂದ ತಕ್ಷಣ ನನಗೆ ಒಂದು ಸಾಲು ಹಾಕು. ಇಲ್ಲಿ ಎಷ್ಟು ಹೊತ್ತಾಗಿದ್ದರೂ ಪರವಾಗಿಲ್ಲ, ಎದ್ದಿರುತ್ತೇನೆ.

ಅಲ್ಲಿ ಜುಲೈ 3ಕ್ಕೂ ಕಾರ್ಯಕ್ರಮವಿದೆ, ಅದೇ ಈ ಪ್ರವಾಸದ ಕೊನೆಯದು ಎಂದು ಓದಿದೆ. ರಜೆ ಸಿಕ್ಕರೆ, ಟಿಕೆಟ್ಟೂ ನ್ಯಾಯವಾದ ಬೆಲೆಗೆ ಸಿಕ್ಕರೆ, ಅದನ್ನೂ ನೋಡಿಕೊಂಡು ಬಾ. 7ನೇ ತಾರೀಖಿನದು ತಪ್ಪಿದೆಯಲ್ಲ. ಹಣ ನಿನ್ನ ಖಾತೆಗೆ ಸೋಮವಾರ ಹಾಕುತ್ತೇನೆ.

ಇಂತಿ,
ಅಪ್ಪ