ಕೆಮಿಸ್ಟ್ರಿ ಲ್ಯಾಬಿಗೆ ಊರಿನ ನೀರು ಬರಲಿ: ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,
ವಿಧಾನಸೌಧ, ಬೆಂಗಳೂರು.

ನಮಸ್ಕಾರ.

ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ನೀವು ಸಮಕುಲಾಧಿಪತಿಗಳೂ ಹೌದು. ಅದಕ್ಕೇ ಈ ಪತ್ರ ನಿಮಗೆ. ನಾವು ಕೇಳುತ್ತಿರುವುದು ಇಷ್ಟೇ: ಪ್ರತಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗ ತನ್ನ ಸುತ್ತಲಿನ ಗ್ರಾಮ ಪಂಚಾಯಿತಿಗಳ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ವರ್ಷಕ್ಕೆ ಎರಡು ಸಲ ಅಳೆಯಬೇಕು, ಫಲಿತಾಂಶವನ್ನು ಏಳು ದಿನದೊಳಗೆ ಕನ್ನಡದಲ್ಲಿ ಬರೆದು ಪಂಚಾಯಿತಿಗೆ ಮುಟ್ಟಿಸಬೇಕು. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ನಿರ್ದೇಶನಾಲಯ ಬೇಡ, ದೀಪ ಬೆಳಗುವ ಕಾರ್ಯಕ್ರಮವಂತೂ ಬೇಡವೇ ಬೇಡ.

ಫ್ಲೋರೈಡೇ ಏಕೆ? ಬಂಡೆಯಿಂದ ನೀರಿಗೆ ಇಳಿಯುವ ಇದು ಹೆಚ್ಚಾದರೆ ಹಲ್ಲು ಕಂದುಗಟ್ಟುತ್ತದೆ, ಮೂಳೆ ಕೆಡುತ್ತದೆ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಸೀಮೆಯಲ್ಲಿ ಮಕ್ಕಳ ಹಲ್ಲು ನೋಡಿದವರಿಗೆ ಬೇರೆ ಉತ್ತರ ಬೇಕಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ಬಳ್ಳಾರಿ, ಕೊಪ್ಪಳ, ರಾಯಚೂರು, ಗದಗ: ಫ್ಲೋರೈಡ್ ಇರುವ ಜಿಲ್ಲೆಗಳ ಪಟ್ಟಿ ಹೀಗೆ ಸಾಗುತ್ತದೆ. ಇವುಗಳಲ್ಲಿ ಹೆಚ್ಚಿನ ಜಿಲ್ಲೆಗಳಲ್ಲಿ ಒಂದೊಂದು ಸರ್ಕಾರಿ ವಿಶ್ವವಿದ್ಯಾಲಯವೂ ಇದೆ. ರೋಗ ಇರುವಲ್ಲೇ ಪ್ರಯೋಗಾಲಯವೂ ಇದೆ, ನಡುವೆ ಒಂದು ಕಾಂಪೌಂಡ್ ಗೋಡೆ ಅಷ್ಟೆ. ಇನ್ನೊಂದು ಕಾರಣ ಬರೀ ಅನುಕೂಲದ್ದು. ಬ್ಯಾಕ್ಟೀರಿಯಾ ನೋಡಬೇಕಾದರೆ ಮಾದರಿಯನ್ನು ಐಸ್ ಪೆಟ್ಟಿಗೆಯಲ್ಲಿಟ್ಟು 24 ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಬೇಕು. ನೈಟ್ರೇಟಿಗೂ ತಂಪು ಬೇಕು, ಎರಡು ದಿನದೊಳಗೆ ಕೆಲಸ ಮುಗಿಯಬೇಕು. ಫ್ಲೋರೈಡ್ ಹಾಗಲ್ಲ, ಪ್ಲಾಸ್ಟಿಕ್ ಬಾಟಲಿಯಲ್ಲಿ ನಾಲ್ಕು ವಾರ ಇಟ್ಟರೂ ಕೆಡುವುದಿಲ್ಲ. ಸೋಮವಾರ ತುಂಬಿದ ಬಾಟಲಿ ಶುಕ್ರವಾರದ ಬಸ್ಸಿಗೆ ಬಂದರೂ ನಡೆಯುತ್ತದೆ. ಹಳ್ಳಿಯ ಲೆಕ್ಕಾಚಾರಕ್ಕೆ ಒಗ್ಗುವ ಪರೀಕ್ಷೆ ಇದು. ಮೊದಲು ಇದನ್ನು ಸರಿಯಾಗಿ ಮಾಡಿ ತೋರಿಸಲಿ, ಉಳಿದವು ಆಮೇಲೆ.

ವಿಶ್ವವಿದ್ಯಾಲಯ ಊರಿಗೆ ಹೋಗುವುದು ನಮ್ಮಲ್ಲಿ ಹೊಸತೇನಲ್ಲ. 1930ರ ದಶಕದಲ್ಲೇ ಮೈಸೂರು ವಿಶ್ವವಿದ್ಯಾನಿಲಯದ ಮೇಷ್ಟರುಗಳು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಕೊಟ್ಟರು, ಅವು ಅಗ್ಗದ ಕಿರುಪುಸ್ತಕಗಳಾದವು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಉಪನ್ಯಾಸ ಗ್ರಂಥಮಾಲೆ ಹೊರಡಿಸಿತು. 1969ರಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಬಂತು, 2014ರಲ್ಲಿ ಐದೈದು ಹಳ್ಳಿ ದತ್ತು ತೆಗೆದುಕೊಳ್ಳುವ ಉನ್ನತ ಭಾರತ ಅಭಿಯಾನ ಬಂತು. ಈ ಎರಡನ್ನೂ ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಏಳು ದಿನದ ಶಿಬಿರದಲ್ಲಿ ದೇವಸ್ಥಾನದ ಅಂಗಳ ಗುಡಿಸಿ, ಸುಣ್ಣ ಬಳಿದು, ಕೊನೆಯ ದಿನ ನಾಟಕ ಆಡಿ ಬಂದರೆ ಊರಿಗೆ ಉಳಿಯುವುದೇನು? ಮನೆಮನೆ ಸಮೀಕ್ಷೆಯಲ್ಲಿ ಅದೇ ಪ್ರಶ್ನೆಗೆ ಅದೇ ಮನೆಯವರು ಪ್ರತಿ ಬ್ಯಾಚಿಗೂ ಉತ್ತರ ಹೇಳುತ್ತಾರೆ. ತುಂಬಿದ ಫಾರಂ ಕಟ್ಟು ವಿಭಾಗದ ಬೀರು ಸೇರುತ್ತದೆ, ಉತ್ತರ ಕೊಟ್ಟವರಿಗೆ ಒಂದು ಸಾಲಿನ ಫಲಿತಾಂಶವೂ ತಿರುಗಿ ಬರುವುದಿಲ್ಲ. ನೀರಿನ ಮಾದರಿಗೂ ಇದೇ ಗತಿ ಬರಬಾರದೆಂದೇ ಏಳು ದಿನದ ಗಡುವು ಕೇಳುತ್ತಿದ್ದೇವೆ.

ಇನ್ನು ಕೆಲಸದ ವಿವರ. ಇಲ್ಲಿ ಸ್ವಲ್ಪ ತಾಳ್ಮೆ ಇರಲಿ, ಏಕೆಂದರೆ ಇಂಥ ಯೋಜನೆ ಕೆಡುವುದು ಸಣ್ಣ ಸಂಗತಿಗಳಲ್ಲೇ.

ಬಾಟಲಿ 500 ಮಿ.ಲೀ.ನ ಪಾಲಿಥೀನ್ ಬಾಟಲಿಯೇ ಆಗಬೇಕು. ಗಾಜಿನದು ಬೇಡ, ಫ್ಲೋರೈಡಿಗೂ ಗಾಜಿಗೂ ಆಗಿಬರುವುದಿಲ್ಲ. ಬೋರಿನ ಮೋಟರ್ ಹಾಕಿ ಹತ್ತು ನಿಮಿಷ ನೀರು ಹೋಗಲು ಬಿಟ್ಟು, ಅದೇ ನೀರಲ್ಲಿ ಮೂರು ಸಲ ಬಾಟಲಿ ತೊಳೆದು, ಟ್ಯಾಂಕಿಗೆ ಸೇರುವ ಮುಂಚೆ ಹಿಡಿಯಬೇಕು. ಓವರ್‌ಹೆಡ್ ಟ್ಯಾಂಕಿನ ನಲ್ಲಿಯಲ್ಲಿ ಹಿಡಿದರೆ ಮೂರು ಬೋರಿನ ಬೆರಕೆ ನೀರು ಸಿಗುತ್ತದೆ, ತಪ್ಪು ಯಾವುದರದ್ದೆಂದು ಗೊತ್ತಾಗುವುದಿಲ್ಲ. ಗುರುತನ್ನು ಬಾಟಲಿಯ ಮೈಮೇಲೆ ಬರೆಯಬೇಕು, ಮುಚ್ಚಳದ ಮೇಲಲ್ಲ. ತೊಳೆಯುವಾಗ ಮುಚ್ಚಳ ಅದಲುಬದಲಾಗಿ ಒಂದು ಊರಿನ ವಿಷ ಇನ್ನೊಂದು ಊರಿನ ತಲೆಗೆ ಬರುತ್ತದೆ. ‘ಶಾಲೆ ಹತ್ತಿರದ ಬೋರು’ ಎಂದು ಬರೆದರೂ ಸಾಲದು. ಹಳೆಯದು ಬತ್ತಿ ಹತ್ತಡಿ ಆಚೆ ಹೊಸದು ಕೊರೆದರೂ ಅದರ ಹೆಸರು ಶಾಲೆ ಹತ್ತಿರದ ಬೋರೇ. ಮೋಟರಿನ ವಿದ್ಯುತ್ ಮೀಟರಿಗೆ ಆರ್.ಆರ್. ನಂಬರ್ ಇರುತ್ತದಲ್ಲ, ಅದನ್ನೂ ಕೊರೆದ ಆಳವನ್ನೂ ಬರೆಯಬೇಕು. ಆಳ ಹೆಚ್ಚಿದಂತೆ ನೀರು ಬಂಡೆಯ ಜೊತೆ ಇದ್ದ ಕಾಲ ಹೆಚ್ಚು, ಬಹಳ ಕಡೆ ಫ್ಲೋರೈಡೂ ಹೆಚ್ಚು.

ಇದನ್ನೆಲ್ಲ ಪಂಚಾಯಿತಿಯ ವಾಟರ್‌ಮ್ಯಾನ್ ಒಂದು ಮಧ್ಯಾಹ್ನದಲ್ಲಿ ಕಲಿಯಬಲ್ಲರು. ಜಲಜೀವನ ಮಿಷನ್ ಅಡಿ ಪ್ರತಿ ಊರಿನ ಐವರು ಮಹಿಳೆಯರಿಗೆ ಕಿಟ್‌ನಲ್ಲಿ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂದಿದೆ, ತರಬೇತಿ ಆದ ಕಡೆ ಅವರೇ ಈ ಕೆಲಸಕ್ಕೆ ಸರಿಯಾದವರು.

ಲ್ಯಾಬಿನಲ್ಲಿ ಅಳೆಯಲು ಎರಡು ದಾರಿ. ಸ್ಪ್ಯಾಡ್ನ್ಸ್ ಎಂಬ ಬಣ್ಣದ ವಿಧಾನಕ್ಕೆ, ಬಣ್ಣ ಎಷ್ಟು ಗಾಢ ಎಂದು ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್ ಸಾಕು, ಅದು ಎಲ್ಲ ವಿಭಾಗಗಳಲ್ಲೂ ಇದೆ. ಆದರೆ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದರೆ ಕ್ಲೋರಿನ್ ಬಣ್ಣವನ್ನು ತಿಂದುಹಾಕುತ್ತದೆ, ಆಲಂ (ಪಟಿಕ) ಹಾಕಿದ್ದರೆ ಫ್ಲೋರೈಡ್ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ. ಅದಕ್ಕೇ ನಮ್ಮ ಒಲವು, ನೀರಿನಲ್ಲಿ ಅದ್ದಿದರೆ ಫ್ಲೋರೈಡಿಗೆ ತಕ್ಕ ಮಿಲಿವೋಲ್ಟ್ ಕೊಡುವ ಫ್ಲೋರೈಡ್ ಎಲೆಕ್ಟ್ರೋಡಿನ ಕಡೆಗೆ. ಮಿಲಿವೋಲ್ಟ್ ಓದುವ ಪಿಎಚ್ ಮೀಟರ್ ವಿಭಾಗದಲ್ಲಿ ಇದ್ದೇ ಇರುತ್ತದೆ, ಎಲೆಕ್ಟ್ರೋಡ್ ಒಂದನ್ನು ಕೊಂಡರಾಯಿತು. 0.221 ಗ್ರಾಂ ಒಣ ಸೋಡಿಯಂ ಫ್ಲೋರೈಡನ್ನು ಒಂದು ಲೀಟರ್ ಶುದ್ಧ ನೀರಲ್ಲಿ ಕರಗಿಸಿದರೆ ಲೀಟರಿಗೆ 100 ಮಿ.ಗ್ರಾಂ.ನ ಮೂಲ ದ್ರಾವಣ. ಅದನ್ನೇ ತೆಳುಮಾಡಿ 0.5, 1, 2, 5 ಮಿ.ಗ್ರಾಂ.ನ ನಾಲ್ಕು ಅಳತೆಗೋಲು ಮಾಡಿಕೊಳ್ಳಬೇಕು. ಪ್ಲಾಸ್ಟಿಕ್ ಬೀಕರಿನಲ್ಲಿ 10 ಮಿ.ಲೀ. ಮಾದರಿಗೆ 10 ಮಿ.ಲೀ. ಟಿಸಾಬ್ ದ್ರಾವಣ ಬೆರೆಸಿ ಓದಬೇಕು. ಟಿಸಾಬ್ ಇಲ್ಲದೆ ಓದಿದರೆ ಅಲ್ಯೂಮಿನಿಯಂ, ಕಬ್ಬಿಣಕ್ಕೆ ಅಂಟಿಕೊಂಡ ಫ್ಲೋರೈಡ್ ಲೆಕ್ಕಕ್ಕೇ ಬರುವುದಿಲ್ಲ. ಪ್ರತಿ ಹತ್ತು ಮಾದರಿಗೊಮ್ಮೆ 1 ಮಿ.ಗ್ರಾಂ. ದ್ರಾವಣವನ್ನು ಮತ್ತೆ ಓದಿ, ಅದು 0.9ರಿಂದ 1.1ರೊಳಗೆ ಬರದಿದ್ದರೆ ಹಿಂದಿನ ಹತ್ತನ್ನೂ ಮತ್ತೆ ಓದಬೇಕು. ಒಬ್ಬರು ಕೂತರೆ ದಿನಕ್ಕೆ 30 ಮಾದರಿ ಕಷ್ಟವಲ್ಲ. 20 ಪಂಚಾಯಿತಿ, ಒಂದೊಂದರಲ್ಲಿ 12 ಬೋರು ಎಂದಿಟ್ಟುಕೊಳ್ಳಿ, ಬೇಸಿಗೆಯ ಕೊನೆಗೊಮ್ಮೆ, ಮಳೆ ಮುಗಿದ ಮೇಲೊಮ್ಮೆ. ಒಟ್ಟು 480 ಮಾದರಿ, 16 ದಿನದ ಕೆಲಸ. ಇಡೀ ವರ್ಷಕ್ಕೆ ಹದಿನಾರೇ ದಿನ!

ಫಲಿತಾಂಶದ ಹಾಳೆಯೂ ಅಳತೆಯಷ್ಟೇ ಮುಖ್ಯ. ಇಂಗ್ಲಿಷಿನಲ್ಲಿ ಹದಿನೆಂಟು ಸಾಲಿನ ಕೋಷ್ಟಕ ಕೊಟ್ಟರೆ ಪಿಡಿಒ ಅದನ್ನು ಫೈಲಿಗೆ ಹಾಕುತ್ತಾರೆ, ತಪ್ಪು ಅವರದ್ದಲ್ಲ. ಭಾರತೀಯ ಮಾನಕ 10500ರ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ. ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ತಡೆದುಕೊಳ್ಳಬಹುದು. 1.5 ದಾಟಿದ ಬೋರಿನ ಹಾಳೆಯಲ್ಲಿ ಬರಬೇಕಾದ ಮಾತು ಹೀಗಿರಲಿ: ‘ಈ ಬೋರಿನ ನೀರು ಕುಡಿಯಲು, ಅಡುಗೆಗೆ ಬೇಡ. ಸ್ನಾನಕ್ಕೆ, ಬಟ್ಟೆ ಒಗೆಯಲು ಅಡ್ಡಿಯಿಲ್ಲ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಎಂಟು ವರ್ಷದೊಳಗಿನ ಮಕ್ಕಳಿಗೆ ಮೊದಲು ಬೇರೆ ನೀರು ಕೊಡಿ.’ ಈ ನಾಲ್ಕು ಸಾಲು ಬರೆಯಲು ಕನ್ನಡ ವಿಭಾಗದವರೂ ಜೊತೆಗೆ ಕೂತರೆ ಒಳ್ಳೆಯದು. ಪ್ರತಿ ಬೋರಿನ ಗೋಡೆಗೆ ಬಣ್ಣದಲ್ಲಿ ಅಂಕಿ, ತಿಂಗಳು, ವರ್ಷ ಬರೆಸಲಿ.

ಅಂಕಿ ಗೊತ್ತಾದರೆ ಕೈಯಲ್ಲೇ ಒಂದು ಉಪಾಯವೂ ಇರಬಹುದು. ಒಂದು ಬೋರಿನಲ್ಲಿ 2.4, ಇನ್ನೊಂದರಲ್ಲಿ 0.6 ಇದ್ದರೆ ಸಮಸಮ ಬೆರೆಸಿದಾಗ 1.5. ಕೆಟ್ಟದ್ದು ಒಂದು ಪಾಲು, ಒಳ್ಳೆಯದು ಎರಡು ಪಾಲು ಆದರೆ 1.2. ಟ್ಯಾಂಕ್ ತುಂಬುವ ಮೋಟರಿನ ಗಂಟೆ ಹೊಂದಿಸಿದರೆ ಖರ್ಚಿಲ್ಲದೆ ಆಗುವ ಕೆಲಸ ಇದು. ಕೆಡುವುದು ಏಪ್ರಿಲಿನಲ್ಲಿ. ಒಳ್ಳೆಯ ಬೋರಿನ ನೀರು ಇಳಿದುಹೋಗುತ್ತದೆ, ತ್ರೀಫೇಸ್ ಕರೆಂಟು ಇರುವಷ್ಟು ಹೊತ್ತು ಕೆಟ್ಟದ್ದೊಂದೇ ಓಡುತ್ತದೆ, ಯಾರಿಗೂ ತಿಳಿಯದಂತೆ ಟ್ಯಾಂಕ್ ತುಂಬ 2.4ರ ನೀರು. ಮಳೆ ಮುಗಿದ ಮೇಲೆ ಒಮ್ಮೆ ಮಾತ್ರ ಪರೀಕ್ಷೆ ಮಾಡಿ ‘ಎಲ್ಲ ಸರಿಯಿದೆ’ ಎಂದು ಬರೆದುಕೊಡುವುದು ಇದಕ್ಕೇ ಅಪಾಯ.

ಶುದ್ಧ ಕುಡಿಯುವ ನೀರಿನ ಘಟಕಗಳು ಇವೆಯಲ್ಲ ಎಂದು ನೀವು ಕೇಳಬಹುದು. ಕೆಲಸ ಮಾಡುವ ತನಕ ಅವು ಒಳ್ಳೆಯವೇ. ಒಳಗಿನ ಸೋಸುವ ಪೊರೆ (ಮೆಂಬ್ರೇನ್) ಹರಿದ ಮೇಲೂ ನಾಣ್ಯ ಹಾಕಿದರೆ ನೀರು ಬರುತ್ತಲೇ ಇರುತ್ತದೆ, ರುಚಿಯಲ್ಲಿ ಗೊತ್ತಾಗುವುದಿಲ್ಲ. ಹೊರಬರುವ ವ್ಯರ್ಥ ನೀರಿನಲ್ಲಿ ಫ್ಲೋರೈಡ್ ಗಟ್ಟಿಯಾಗಿರುತ್ತದೆ, ಅದನ್ನು ಪಕ್ಕದ ಇಂಗುಗುಂಡಿಗೆ ಬಿಟ್ಟರೆ ಸುತ್ತಿ ಅದೇ ಬೋರಿಗೆ ಬರುತ್ತದೆ. ಆದ್ದರಿಂದ ಘಟಕದ ಒಳಹೋಗುವ ನೀರು, ಹೊರಬರುವ ನೀರು, ವ್ಯರ್ಥ ನೀರು ಮೂರನ್ನೂ ಅಳೆಯಬೇಕು.

ಇದರ ಜೊತೆಗೆ ಮನೆಬಾಗಿಲಿಗೆ ಫಿಲ್ಟರ್ ಮಾರಲು ಬರುವವರ ಕೈಚಳಕವೊಂದಿದೆ. ನಿಮ್ಮ ಮನೆ ನೀರಿಗೆ ಎರಡು ಜೊತೆ ಕಡ್ಡಿ ಇಳಿಬಿಟ್ಟು ಕರೆಂಟ್ ಕೊಡುತ್ತಾರೆ. ನಿಮಿಷದಲ್ಲಿ ನೀರು ಕಂದು ಕೆಸರಾಗುತ್ತದೆ, ‘ನೋಡಿ, ನೀವು ಕುಡಿಯೋದು ಇದನ್ನೇ’ ಎನ್ನುತ್ತಾರೆ. ಆ ಕೆಸರು ಕಬ್ಬಿಣದ ಕಡ್ಡಿ ಕರಗಿ ಬಂದ ತುಕ್ಕು. ಅವರ ಫಿಲ್ಟರ್ ನೀರಿಗೆ ಚಿಟಿಕೆ ಉಪ್ಪು ಹಾಕಿ ಅದೇ ಕಡ್ಡಿ ಇಳಿಸಿದರೆ ಅದೂ ಕಂದಾಗುತ್ತದೆ. ಎಂ.ಎಸ್ಸಿ. ವಿದ್ಯಾರ್ಥಿಗಳು ಗ್ರಾಮಸಭೆಯಲ್ಲಿ ಹತ್ತು ನಿಮಿಷ ಇದನ್ನು ಮಾಡಿ ತೋರಿಸಲಿ. ಹಾಗೆಯೇ ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣವನ್ನಷ್ಟೇ ಹೇಳುವ ಟಿಡಿಎಸ್ ಪೆನ್ನು ಫ್ಲೋರೈಡ್ ತೋರಿಸುವುದಿಲ್ಲ ಎಂಬುದನ್ನೂ ಹೇಳಲಿ. ಟಿಡಿಎಸ್ 400 ಇದ್ದ ನೀರಲ್ಲೂ ಫ್ಲೋರೈಡ್ 3 ಇರಬಹುದು.

ನೀರು ಪರೀಕ್ಷೆಗೆ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಗಳಿವೆ, ಇದು ನಮ್ಮ ಕೆಲಸವಲ್ಲ ಎನ್ನುವ ಕುಲಪತಿಗಳೂ ಇರುತ್ತಾರೆ. ಇಲಾಖೆಯ ಲ್ಯಾಬ್ ಇರಬೇಕು, ಕಾನೂನಿನ ಲೆಕ್ಕಕ್ಕೆ ಅದರ ವರದಿಯೇ ಸಲ್ಲಲಿ. ವಿಶ್ವವಿದ್ಯಾಲಯದ ಅಂಕಿ ಎಚ್ಚರಿಕೆಗೆ, 1.5 ದಾಟಿದ ಮಾದರಿಯ ಅರ್ಧ ಬಾಟಲಿ ಇಲಾಖೆಗೆ ಹೋಗಲಿ. ಆದರೆ ಇಪ್ಪತ್ತು ವರ್ಷ ಒಂದೇ ಬೋರನ್ನು ನೋಡುತ್ತಾ ಅಂಕಿ ಏಕೆ ಏರಿತು, ಏಕೆ ಇಳಿಯಿತು ಎಂದು ಯೋಚಿಸುವುದು ವಿಶ್ವವಿದ್ಯಾಲಯದ್ದೇ ಕೆಲಸ. ಕೋಲಾರದ ಕೆರೆಗಳಿಗೆ 2018ರಿಂದ ಬೆಂಗಳೂರಿನ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿಯ ಸಂಸ್ಕರಿಸಿದ ಕೊಳಚೆ ನೀರು ಬರುತ್ತಿದೆ. ಅದರಿಂದ ನಮ್ಮ ಬೋರಿನ ಫ್ಲೋರೈಡ್ ಇಳಿಯಿತೇ, ನೈಟ್ರೇಟ್ ಏರಿತೇ ಎಂದು ರೈತ ಕೇಳಿದರೆ ಅವನ ಬೋರಿನದ್ದೇ ಹಿಂದಿನ ವರ್ಷಗಳ ಅಂಕಿ ಬೇಕು. ಭೂವಿಜ್ಞಾನ ವಿಭಾಗಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಎಲ್ಲಿದೆ?

ಈಗ ಕ್ಯಾಂಪಸ್ಸಿನೊಳಗಿನ ಅಡ್ಡಿಗಳು. ಅತಿಥಿ ಉಪನ್ಯಾಸಕರ ಮೇಲೆ ನಿಂತಿರುವ ವಿಭಾಗದಲ್ಲಿ ಈ ಕೆಲಸವನ್ನು ಅವರ ತಲೆಗೇ ಕಟ್ಟಿದರೆ, ಸೆಮಿಸ್ಟರ್ ಮುಗಿದ ದಿನ ಕೆಲಸವೂ ಮುಗಿಯುತ್ತದೆ. ಮೂರು ವರ್ಷದ ಪ್ರಾಜೆಕ್ಟ್ ಹಣ ಮುಗಿದ ಮೇಲೆ ಎಲೆಕ್ಟ್ರೋಡಿನೊಳಗಿನ ದ್ರಾವಣ ಒಣಗಿ ಅದು ಕಪಾಟಿನಲ್ಲಿ ಸಾಯುತ್ತದೆ. ಒಂದು ಬಾಟಲಿ ಸೋಡಿಯಂ ಫ್ಲೋರೈಡಿಗೂ ಖರೀದಿ ಕಡತ ಆಡಳಿತ ಕಚೇರಿ, ಹಣಕಾಸು ವಿಭಾಗ ಸುತ್ತಿ ಬರುವಷ್ಟರಲ್ಲಿ ಬೇಸಿಗೆ ಕಳೆದಿರುತ್ತದೆ. ಇನ್ನು ಪ್ರಾಜೆಕ್ಟ್ ವಿಷಯ: ಬೇವು, ತುಳಸಿ, ನುಗ್ಗೆ, ಹೀಗೆ ಕಂಡ ಕಂಡ ಎಲೆಯ ರಸದಲ್ಲೆಲ್ಲ ಜಿಂಕ್ ಆಕ್ಸೈಡ್ ನ್ಯಾನೋ ಕಣ ಮಾಡಿ ಆಗಿದೆ, ಇನ್ನು ಉಳಿದಿರುವ ಎಲೆ ಯಾವುದೋ ನಮಗಂತೂ ತಿಳಿಯದು. ಅದರ ಬದಲು ಒಂದು ಹೋಬಳಿಯ ನೀರಿನ ಮೇಲೆ ಬರೆದ ಪ್ರಬಂಧಕ್ಕೆ ಅಷ್ಟೇ ಅಂಕ ಸಿಗುವಂತಾಗಲಿ.

ಹಾಗಾಗಿ ನಿಮ್ಮ ಆದೇಶದಲ್ಲಿ ಇರಬೇಕಾದದ್ದು: ಪ್ರತಿ ವಿಭಾಗದಲ್ಲಿ ಕಾಯಂ ಅಧ್ಯಾಪಕರೊಬ್ಬರು ಮತ್ತು ಲ್ಯಾಬ್ ಸಹಾಯಕರೊಬ್ಬರ ಹೆಸರಿಗೇ ಈ ಹೊಣೆ, ಆ ಹದಿನಾರು ದಿನ ಬೋಧನಾ ಕಾರ್ಯಭಾರದಲ್ಲಿ ಲೆಕ್ಕ. ರಾಸಾಯನಿಕ ಮತ್ತು ಎಲೆಕ್ಟ್ರೋಡಿಗೆ ವಿಭಾಗದ ಮುಖ್ಯಸ್ಥರೇ ಖರ್ಚು ಮಾಡಬಹುದಾದ ಪ್ರತ್ಯೇಕ ಮೊತ್ತ. ಪಂಚಾಯಿತಿಯ ಮಾದರಿಗೆ ಶುಲ್ಕ ಇಲ್ಲ. ರೈತರು ಸ್ವಂತ ಬೋರಿನ ನೀರು ತಂದರೆ ಸಣ್ಣ ಶುಲ್ಕ, ಆ ಹಣ ಅದೇ ಮೊತ್ತಕ್ಕೆ ಸೇರಬೇಕು, ವಿಶ್ವವಿದ್ಯಾಲಯದ ಸಾಮಾನ್ಯ ನಿಧಿಗಲ್ಲ. ಎಲ್ಲ ಅಂಕಿಗಳೂ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಊರಿನ ಹೆಸರಿನೊಂದಿಗೆ ಇರಬೇಕು, ಪಂಚಾಯಿತಿಗೆ ಮುಜುಗರ ಎಂದು ಮುಚ್ಚಿಡುವಂತಿಲ್ಲ. ವಿಶ್ವವಿದ್ಯಾಲಯ ದೂರವಿರುವ ತಾಲ್ಲೂಕುಗಳಲ್ಲಿ ಎಂ.ಎಸ್ಸಿ. ರಸಾಯನಶಾಸ್ತ್ರ ಇರುವ ಸರ್ಕಾರಿ ಕಾಲೇಜಿಗೆ ಇದೇ ಹೊಣೆ ಕೊಡಬಹುದು.

ಹೊಸ ವಿಶ್ವವಿದ್ಯಾಲಯಗಳನ್ನು ಉಳಿಸಬೇಕೋ ಮುಚ್ಚಬೇಕೋ ಎಂಬ ಮಾತು 2025ರಲ್ಲಿ ಜೋರಾಗಿಯೇ ನಡೆಯಿತು. ಆಗ ಮಾತಾಡಿದವರು ಕಟ್ಟಡ, ಎಕರೆ, ಅನುದಾನ, ಕಾಲೇಜುಗಳ ಸಂಖ್ಯೆ ಎಣಿಸಿದರು. ಆ ಜಿಲ್ಲೆಯ ಎಷ್ಟು ಬೋರುಗಳ ನೀರು ಆ ಕ್ಯಾಂಪಸ್ಸಿಗೆ ಗೊತ್ತು ಎಂದು ಎಣಿಸಿದವರು ನಮಗೆ ಕಾಣಲಿಲ್ಲ.

ಬೇಸಿಗೆಯ ಸುತ್ತು ಏಪ್ರಿಲ್ ಮೂರನೇ ವಾರ ಶುರುವಾಗಬೇಕಾದರೆ ಬಾಟಲಿ, ಎಲೆಕ್ಟ್ರೋಡ್ ಫೆಬ್ರವರಿಯಲ್ಲೇ ಕೈಗೆ ಬರಬೇಕು, ಅಂದರೆ ಆದೇಶ ಡಿಸೆಂಬರ್ ಒಳಗೆ ಹೊರಡಬೇಕು. ಸುತ್ತೋಲೆಯ ಕರಡು, ಫಲಿತಾಂಶದ ಹಾಳೆಯ ಮಾದರಿ, ವಾಟರ್‌ಮ್ಯಾನ್‌ಗಳಿಗೆ ಒಂದು ಪುಟದ ಸೂಚನೆ, ಮೂರನ್ನೂ ಕನ್ನಡದಲ್ಲಿ ಬರೆದಿಟ್ಟಿದ್ದೇವೆ. ನಿಮ್ಮ ಕಚೇರಿ ಕೇಳಿದ ದಿನವೇ ಕಳಿಸುತ್ತೇವೆ.

ಇಂತಿ,
ನೀರು ಪರೀಕ್ಷೆಯ ಕೆಲಸ ಬಲ್ಲ ಕೆಲವು ರಸಾಯನಶಾಸ್ತ್ರ ಅಧ್ಯಾಪಕರು ಮತ್ತು ಲ್ಯಾಬ್ ಸಹಾಯಕರು